ಡಾಗ್‌ವುಡ್ ಗಿಡದ ಆರು ಮೊಗ್ಗು

ಒಂದು ಕಡೆ ಸುಮ್ಮನೆ ಕೂರುವುದು ನನ್ನ ಜಾಯಮಾನದಲ್ಲೇ ಇಲ್ಲ. ಅಂಥವನನ್ನು ಲಾಕ್‌ಡೌನಿನಲ್ಲಿ ಒಂದು ಗಿಡ ಮತ್ತು ಒಬ್ಬ ಅತ್ತೆಯ ಜೊತೆ ಕೂಡಿಹಾಕಿದರೆ ದಿನಕ್ಕೊಂದು ಫಜೀತಿ ಆಗದೆ ಇನ್ನೇನಾಗುತ್ತದೆ?

ಅನಾಥ ಗಿಡ

ಐರ್ಲೆಂಡಿನ ಸ್ವೋರ್ಡ್ಸ್ ಊರಿನ ನಮ್ಮ ಹಿತ್ತಲಿನಲ್ಲಿ ಡಾಗ್‌ವುಡ್ ನೆಟ್ಟವಳು ನನ್ನ ಹೆಂಡತಿ. ಅಂಗೈಯಗಲದ ಬಿಳಿ ಹೂ ಬಿಡುತ್ತದಂತೆ. ಮೂರು ವರ್ಷ ಬರೀ ಎಲೆ ಬಿಟ್ಟಿತು. ಮೊದಲ ಸಲ ಆರು ಮೊಗ್ಗು ಕಾಣಿಸಿಕೊಂಡಾಗ ಅವಳು ದೂರದ ಲೆಟರ್‌ಕೆನ್ನಿಯಲ್ಲಿ ನರ್ಸ್ ಕೆಲಸದಲ್ಲಿದ್ದಳು. ಬರೋಣವೆಂದರೆ ಕೌಂಟಿ, ಅಂದರೆ ಜಿಲ್ಲೆ, ದಾಟುವಂತಿಲ್ಲ, ದಾಟಿದರೂ ಅಮ್ಮನಿಗೆ ಕೋವಿಡ್ ಅಂಟಿಸುವ ಭಯ.

"ಬೇರೇನೂ ಬೇಡ ರೀ. ಬಂದ ದಿನ ಗಿಡದ ಮೇಲೆ ಆ ಹೂ ನೋಡ್ಬೇಕು, ಅಷ್ಟೇ" ಅಂದಿದ್ದಳು.

ನಾನು ದಿನಾ ನೀರು ಹಾಕಿದೆ. ವಾರದಲ್ಲಿ ಬುಡವೆಲ್ಲ ಕೆಸರು. ವಿಚಾರಿಸಿದರೆ, ಎರಡು ತಿಂಗಳಿಗೆಂದು ಮೈಸೂರಿನಿಂದ ಬಂದು ವಿಮಾನ ನಿಂತು ಇಲ್ಲೇ ಉಳಿದ ಅತ್ತೆ ಅಕ್ಕಿ ತೊಳೆದ ನೀರು ಸುರಿಯುತ್ತಿದ್ದರು. ಬೇಲಿಯಾಚೆಯ ಐರಿಷ್ ಅಜ್ಜ ಪೈಪ್ ಹಿಡಿಯುತ್ತಿದ್ದರು. "ಪಾಪ, ಅದಕ್ಕೆ ಯಾರೂ ದಿಕ್ಕಿಲ್ಲ ಅನ್ಕೊಂಡೆ" ಅಂದರು. ಅನಾಥ ಗಿಡಕ್ಕೆ ಮೂವರು ಪೋಷಕರು, ಮೇಲೆ ಐರ್ಲೆಂಡಿನ ಮಳೆ.

ಗಾಳಿ

ಗಂಟೆಗೊಮ್ಮೆ ಹಿತ್ತಲಿಗೆ ಹೋಗಿ ಬರುತ್ತಿದ್ದೆ. ಆಫೀಸ್ ಮೀಟಿಂಗ್ ನಡೆಯುವಾಗಲೂ ಲ್ಯಾಪ್‌ಟಾಪ್ ಎತ್ತಿಕೊಂಡೇ ಹೋಗುತ್ತಿದ್ದೆ. ಒಂದು ದಿನ ತಡೆಯಲಾಗದೆ, ಒಳಗೆ ಏನಾಗಿದೆ ನೋಡೋಣ ಎಂದು ಒಂದು ಮೊಗ್ಗನ್ನು ಬಿಡಿಸಿದೆ. ಅದು ಕೈಗೇ ಬಂತು.

"ಗಾಳಿಗೆ ಒಂದು ಬಿತ್ತು" ಎಂದೆ ಹೆಂಡತಿಗೆ, ವಿಡಿಯೋ ಕಾಲ್‌ನಲ್ಲಿ.

ಹಿಂದಿನಿಂದ ಅತ್ತೆ, "ಪಾಪ, ಗಾಳಿ ಮೇಲೆ ಯಾಕೆ ಹೇಳ್ತೀರಿ? ನೀವು ಉಗುರಲ್ಲಿ ಚಿವುಟಿದ್ದು ಕಿಟಕೀಲಿ ನೋಡ್ದೆನಲ್ಲ."

ದೃಷ್ಟಿ

ಬೇಲಿಯಾಚೆಯ ಅಜ್ಜ ಒಂದು ದಿನ, "ಐದೂ ಮೊಗ್ಗು ಗ್ರ್ಯಾಂಡ್ ಆಗಿವೆ" ಎಂದು ಹೊಗಳಿಬಿಟ್ಟರು. ಅತ್ತೆಗೆ ಜೀವ ಹಾರಿತು. ದೃಷ್ಟಿ ತಾಗದಿರಲಿ ಎಂದು ನನ್ನ ಹಳೇ ಶೂ ಒಂದನ್ನು ಕೊಂಬೆಗೆ ಕಟ್ಟಿದರು.

ಮರುದಿನ ಅಜ್ಜ ಮಾಸ್ಕ್ ಹಾಕಿಕೊಂಡು ಬಂದು, ಶೂ ಬಾಗಿಲಲ್ಲಿಟ್ಟು, ಆರು ಅಡಿ ಹಿಂದೆ ಸರಿದು, "ನಿಮ್ಮ ಶೂ ಮರಕ್ಕೆ ಸಿಕ್ಕಿಕೊಂಡಿತ್ತು" ಎಂದರು. ಅತ್ತೆ ಮತ್ತೆ ಕಟ್ಟಿದರು. ಅಜ್ಜ ಮತ್ತೆ ತಂದರು. ಮೂರನೇ ಸಲ ಅದಕ್ಕೆ ಪಾಲಿಶ್ ಆಗಿತ್ತು, ಹೊಸ ಲೇಸೂ ಇತ್ತು.

ಹೂ

ಮೇ ತಿಂಗಳಲ್ಲಿ ಕೌಂಟಿಗಳ ಗಡಿ ತೆರೆಯಿತು. ಹೆಂಡತಿ ಶನಿವಾರ ಬರುತ್ತೇನೆಂದಳು. ಶುಕ್ರವಾರಕ್ಕೆ ಐದೂ ಹೂ ಅರಳಿ ನಿಂತವು. ನನಗಂತೂ ಕಾಲು ನೆಲದ ಮೇಲಿರಲಿಲ್ಲ.

ಶನಿವಾರ ಬೆಳಿಗ್ಗೆ ಎದ್ದು ನೋಡಿದರೆ ಗಿಡ ಬೋಳು. ಅಷ್ಟರಲ್ಲಿ ಅಡುಗೆಮನೆಯಿಂದ ಗಂಟೆ ಸದ್ದು. ಹೋಗಿ ನೋಡಿದರೆ ಹೂಗಳ ಹಿಂದೆ ದೇವರೇ ಕಾಣುತ್ತಿಲ್ಲ.

"ಮಗಳು ಕ್ಷೇಮವಾಗಿ ಬರ್ಲಿ, ಗಿಡದ ಮೊದಲ ಹೂವೆಲ್ಲ ನಿಂಗೇ ಅಂತ ಹರಕೆ ಹೊತ್ತಿದ್ದೆ" ಅಂದರು ಅತ್ತೆ.

"ಒಂದಾದ್ರೂ ಬಿಡ್ಬಾರ್ದಿತ್ತಾ? ಅವಳು ಅದನ್ನ ನೋಡೋಕೇ ಬರ್ತಿದಾಳೆ."

ಅತ್ತೆಯ ಮುಖ ಬಾಡಿತು. ಆ ಮಾತು ಅವರಿಗೆ ಹೊಳೆದೇ ಇರಲಿಲ್ಲ.

ಹೆಂಡತಿ ಬಂದವಳೇ ಬ್ಯಾಗನ್ನೂ ಇಳಿಸದೆ ಹಿತ್ತಲಿಗೆ ನಡೆದಳು. ಬೋಳು ಗಿಡ ನೋಡಿದಳು. ನನ್ನನ್ನು ನೋಡಿದಳು. ಅಷ್ಟು ತಿಂಗಳು ಅಳದವಳ ತುಟಿ ನಡುಗಿತು. ಬಾಯಿ ತಪ್ಪಿ "ಗಾಳಿ..." ಅಂದೆ.

"ಹೂಂ ಕಣಮ್ಮ, ಬಿರುಗಾಳಿ" ಎಂದರು ಅತ್ತೆ, ಹಿಂದೆಮುಂದೆ ನೋಡದೆ. ಮಗಳ ಕಣ್ಣು ತಪ್ಪಿಸಲು ಆಚೆ ತಿರುಗಿ ಬೇಲಿ ನೋಡುತ್ತ ನಿಂತರು.

ಹೆಂಡತಿ ಅವರ ಬೆನ್ನನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಕೇಳಿದಳು:

"ಅಮ್ಮ, ಆ ಬಿರುಗಾಳಿ ಒಂದು ಹೂವನ್ನ ನಿನ್ನ ತುರುಬಿಗೂ ಮುಡಿಸಿ ಹೋಯ್ತಾ?"