ಜೋಡಿ ಮಂಚದ ಹಗ್ಗ

ಈಗೀಗ ಏನನ್ನಾದರೂ ತಿರುಗಿಸುವಾಗ ಸ್ವಲ್ಪ ಬಿಗಿ ಅನ್ನಿಸಿದರೆ ಸಾಕು, ನನ್ನ ಕೈ ತಾನಾಗಿ ನಿಂತುಬಿಡುತ್ತದೆ. ನಲ್ಲಿಯಾಗಲಿ, ಸ್ಟೋವಿನ ಕೀಲಿಯಾಗಲಿ, ಉಪ್ಪಿನಕಾಯಿ ಬಾಟಲಿಯ ಮುಚ್ಚಳವಾಗಲಿ, ಮೊದಲು ಕೈ ಬಿಟ್ಟು ಹಿಂದೆ ಸರಿದು, ಅದರ ಅಕ್ಕಪಕ್ಕ ಯಾರಾದರೂ ಮಲಗಿದ್ದಾರೆಯೇ ಎಂದು ನೋಡುತ್ತೇನೆ. ಮೊನ್ನೆ ಸ್ಟಾಫ್ ರೂಮಿನಲ್ಲಿ ಪೆನ್ನಿನ ಮುಚ್ಚಳ ಬಿಗಿದುಕೊಂಡಿತ್ತು. ಅಭ್ಯಾಸಬಲದಿಂದ ಬಗ್ಗಿ ಮೇಜಿನ ಕೆಳಗೆ ನೋಡಿದೆ. ಏನು ಬಿತ್ತು ಎಂದು ಹೆಡ್‌ಮಾಸ್ಟರು ಕೇಳಿದರು. ಇನ್ನೂ ಏನೂ ಬಿದ್ದಿಲ್ಲ ಸಾರ್ ಎಂದೆ. ಅವರು ನನ್ನನ್ನು ಒಂದು ಕ್ಷಣ ನೋಡಿ, ಮುಂದಿನ ಪೀರಿಯಡ್ಡನ್ನು ಬೇರೆಯವರಿಗೆ ಕೊಟ್ಟರು.

ನಾನು ಬಿ.ಎಸ್ಸಿ. ಓದಿದವನು. ಚಿತ್ರದುರ್ಗದ ಒಂದು ಹೈಸ್ಕೂಲಿನಲ್ಲಿ ಸನ್ನೆ, ರಾಟೆ, ತಿರುಪುಗಳ ಪಾಠ ಮಾಡುವವನು. ಅಂಥವನಿಗೆ ತಿರುಗಿಸುವ ವಸ್ತುಗಳ ಬಗ್ಗೆ ಇಷ್ಟು ಭಯ ಹುಟ್ಟಿದ್ದು ಒಂದು ಮಂಚದಿಂದ. ಮಂಚ ಬಂದದ್ದು ಮದುವೆಯಿಂದ. ಆದ್ದರಿಂದ ಅಲ್ಲಿಂದಲೇ ಹೇಳಬೇಕು.

ನಮ್ಮಲ್ಲಿ ಹೆಣ್ಣು ಗಂಡು ನೋಡುವಾಗ ಕುಲ, ಬೆಡಗು, ನಕ್ಷತ್ರ, ಹಲ್ಲು, ನಡಿಗೆ ಎಲ್ಲ ವಿಚಾರಿಸುತ್ತಾರೆ. ಹುಡುಗಿ ಹಾಡುತ್ತಾಳೆಯೇ ಎಂದು ಕೇಳುತ್ತಾರೆ. ಮದುವೆಯಾದ ಮೇಲೆ ಯಾವ ಗಂಡನೂ ಹಾಡಿಸಿದ್ದು ನಾನು ಕಂಡಿಲ್ಲ. ಆದರೆ ಇಬ್ಬರೂ ಹೇಗೆ ಮಲಗುತ್ತಾರೆ ಎಂದು ಮಾತ್ರ ಒಬ್ಬರೂ ಕೇಳುವುದಿಲ್ಲ. ಜೀವನದ ಮೂರನೇ ಒಂದು ಪಾಲು ನಡೆಯುವ ವ್ಯವಹಾರ ಅದು. ನನ್ನ ಹೆಂಡತಿ ಜಯಮ್ಮ ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯವಳು. ಕುರಿ, ಹೊಲ ಎರಡೂ ಇರುವ ಮನೆ. ಗಟ್ಟಿ ನೆಲದ ಮೇಲೆ ಕರಿ ಕಂಬಳಿ ಹಾಸಿ, ಅಂಗಾತ, ಚಪ್ಪಟೆಯಾಗಿ ಮಲಗಿ ಬೆಳೆದವಳು. ಮಲಗಿದರೆ ಮುಗಿಯಿತು, ಬೆಳಗಿನವರೆಗೆ ಮಗ್ಗುಲೂ ಬದಲಿಸುವುದಿಲ್ಲ. ನಮ್ಮ ಮನೆಯ ಹತ್ತಿಯ ಹಾಸಿಗೆ ಅವಳ ಸೊಂಟಕ್ಕೆ ಒಗ್ಗಲಿಲ್ಲ. "ಇದ್ರಾಗೆ ಮಲಗಿದ್ರೆ ಕೆಸರಾಗೆ ಹೂತ್ಕಂಡಂಗೆ ಆಗ್ತೈತೆ ಕಣ್ರೀ" ಎನ್ನುತ್ತಿದ್ದಳು.

ನನ್ನದು ಬೇರೆ ಕಥೆ. ನನಗೆ ಹುಳಿತೇಗು. ಚಪ್ಪಟೆಯಾಗಿ ಮಲಗಿದರೆ ರಾತ್ರಿ ತಿಂದ ಸಾರು ಮತ್ತೆ ಗಂಟಲಿಗೆ ಬಂದು ತನ್ನ ಪರಿಚಯ ಹೇಳಿಕೊಳ್ಳುತ್ತದೆ. ತಲೆಯ ಕಡೆ ಎತ್ತರ ಮಾಡಿಕೊಂಡು ಮಲಗಿ ಎಂದು ಡಾಕ್ಟರು ಹೇಳಿದರು. ದಿಂಬಿನ ಮೇಲೆ ದಿಂಬು ಇಟ್ಟೆ. ಕುತ್ತಿಗೆ ಹಿಡಿದು, ವಾರವಿಡೀ ಕ್ಲಾಸಿನ ಎಡಗಡೆಯ ಹುಡುಗರಿಗೆ ಮಾತ್ರ ಪಾಠ ಮಾಡಿದೆ. ಕೊನೆಗೆ ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಇಟ್ಟಿಗೆ ಇಟ್ಟೆ. ನನಗೆ ಸ್ವರ್ಗವಾಯಿತು. ಆದರೆ ಇಳಿಜಾರು ಇಬ್ಬರಿಗೂ ಒಂದೇ ಅಲ್ಲವೇ? ನಾನು ಮಂಚದ ಪಟ್ಟಿಯನ್ನು ನಿದ್ದೆಯಲ್ಲೂ ಹಿಡಿದುಕೊಳ್ಳುವವನು. ಅಲುಗಾಡದೆ ಮಲಗುವ ಜಯಮ್ಮ ರಾತ್ರಿಯೆಲ್ಲ ಮೆಲ್ಲಗೆ ಜಾರಿ, ಬೆಳಗಾಗುವಷ್ಟರಲ್ಲಿ ಮೊಣಕಾಲಿನಿಂದ ಕೆಳಗೆ ಮಂಚದ ಹೊರಗಿರುತ್ತಿದ್ದಳು. ಒಂದು ಬೆಳಿಗ್ಗೆ ಎದ್ದು ಕೂತು, ಕೂದಲು ಕಟ್ಟಿಕೊಳ್ಳುತ್ತಾ ಹೇಳಿದಳು: "ಮಲಗೋದು ನಿಮ್ ಪಕ್ಕ, ಏಳೋದು ನಿಮ್ ಕಾಲ್ ತಾವ. ಇದ್ಯಾವ ಸಂಸಾರ ರೀ?" ಅಂದಿನಿಂದ ಕಂಬಳಿ ತೆಗೆದುಕೊಂಡು ನಡುಮನೆಗೆ ಹೋಗಿ ನೆಲದ ಮೇಲೆ ಮಲಗತೊಡಗಿದಳು.

ಜಗಳವೇನೂ ಇರಲಿಲ್ಲ. ಆದರೆ ಬೆಳಿಗ್ಗೆ ಹಾಲು ಹಾಕಲು ಬರುವ ಹೆಂಗಸು ನಡುಮನೆಯಲ್ಲಿ ಕಂಬಳಿ ಮಡಿಸುತ್ತಿದ್ದ ಜಯಮ್ಮನನ್ನು ನೋಡಿದಳು. ಸುದ್ದಿ ನಮ್ಮ ಬೀದಿ ದಾಟಿ, ಸಂತೆಗೆ ಬಂದವರ ಜೊತೆ ಬಸ್ಸು ಹತ್ತಿ, ಹರಿಯಬ್ಬೆಯಲ್ಲಿ ಇಳಿಯುವಾಗ ಮೇಷ್ಟ್ರು ಹೆಂಡತಿಯನ್ನು ಹೊರಗೆ ಮಲಗಿಸುತ್ತಾರಂತೆ ಎಂದಾಗಿತ್ತು. ಶನಿವಾರ ಬಂದು ನೋಡುತ್ತೇವೆ, ಬೇಕಾದರೆ ಮಗಳನ್ನು ಕೆಲವು ದಿನ ಕರೆದುಕೊಂಡು ಹೋಗುತ್ತೇವೆ ಎಂದು ಮಾವನವರು ಹೇಳಿಕಳಿಸಿದರು. ಕೆಲವು ದಿನ ಎಂದರೆ ಎಷ್ಟು ದಿನ ಎಂದು ಹೇಳಿಕಳಿಸಿರಲಿಲ್ಲ. ನನಗೆ ಅನ್ನ ಮಾಡಲು ಬರುವುದಿಲ್ಲ ಎಂಬುದು ಬೇರೆ ಮಾತು; ಜಯಮ್ಮ ಇಲ್ಲದ ಮನೆಯಲ್ಲಿ ನನ್ನನ್ನು ಯಾರು ಬೈಯಬೇಕು?

ಹೀಗಾಗಿ ಶನಿವಾರದೊಳಗೆ ಇಬ್ಬರೂ ಒಂದೇ ಕೋಣೆಯಲ್ಲಿ, ತಮಗೆ ಬೇಕಾದ ಹಾಗೆ ಮಲಗಬಹುದಾದ ಮಂಚ ಬೇಕಾಯಿತು. ಸಂತೆಪೇಟೆಯ ಕಡೆಯ ಒಂದು ಅಂಗಡಿಗೆ ಇಬ್ಬರೂ ಹೋದೆವು. ಅಂಗಡಿಯವನು ಸನ್‌ಮೈಕಾ ಹಾಕಿದ, ತಲೆಯ ಕಡೆ ಎರಡು ನವಿಲು ಇರುವ ಡಬಲ್ ಕಾಟ್ ತೋರಿಸಿದ. ಒಬ್ಬರಿಗೆ ಏರು, ಒಬ್ಬರಿಗೆ ಮಟ್ಟ ಬೇಕು ಎಂದೆ. ಅವನು ಜಯಮ್ಮನ ಮುಖ ನೋಡಿ, ನನ್ನ ಮುಖ ನೋಡಿ, ಡಬಲ್ ಕಾಟ್ ಅಂದರೆ ಇಬ್ಬರೂ ಒಂದೇ ಥರ ಮಲಗಬೇಕು ಸಾರ್, ಅದಕ್ಕೇ ಡಬಲ್ ಅನ್ನೋದು ಎಂದ. ಜಯಮ್ಮ ನವಿಲುಗಳನ್ನು ನೋಡಿ, ಇವು ಒಂದರ ಮುಖ ಒಂದು ನೋಡ್ತಿಲ್ವಲ್ಲ ಎಂದಳು. ಅಲ್ಲಿಗೆ ಆ ಮಂಚ ಹೋಯಿತು.

ಆಗ ನನಗೆ ಆಸ್ಪತ್ರೆಯ ಮಂಚ ನೆನಪಾಯಿತು. ನಮ್ಮ ಚಿಕ್ಕಪ್ಪನವರನ್ನು ನೋಡಲು ಹೋದಾಗ ನರ್ಸಮ್ಮ ಕಾಲಿನ ಕಡೆಯ ಹಿಡಿಕೆ ತಿರುಗಿಸಿದ್ದಳು. ಚಿಕ್ಕಪ್ಪ ಮಲಗಿದ್ದವರು ಸಭೆಯ ಅಧ್ಯಕ್ಷರಂತೆ ಮೇಲೆದ್ದು ಬಂದು ನಮಗೆಲ್ಲ ನಮಸ್ಕಾರ ಮಾಡಿದ್ದರು. ಅಂಥದ್ದೊಂದನ್ನು ನನಗೆ ಕೊಂಡು, ಅದೇ ಎತ್ತರದ ಹಲಗೆ ಮಂಚವನ್ನು ಜಯಮ್ಮನಿಗೆ ಮಾಡಿಸಿ, ಎರಡನ್ನೂ ಜೋಡಿಸಿದರೆ? ನೋಡುವವರಿಗೆ ಒಂದು ಮಂಚ, ಮಲಗುವವರಿಗೆ ಎರಡು. ದಾವಣಗೆರೆ ರಸ್ತೆಯ ಗುಜರಿ ಅಂಗಡಿಯಲ್ಲಿ ಒಂದು ಸಿಕ್ಕಿಯೇಬಿಟ್ಟಿತು. ಕುಟುಂಬ ಯೋಜನೆಯ ಕೆಂಪು ತ್ರಿಕೋನ ಬರೆದಿದ್ದ ಗೋಡೆಗೆ ಒರಗಿಸಿದ್ದರು. ಜಯಮ್ಮ ಮಾತ್ರ ಹತ್ತಿರ ಬರಲಿಲ್ಲ. ಅದರ ಮೇಲೆ ಎಷ್ಟು ಜನ ಸತ್ತಿದ್ದಾರೋ ಎಂದು ದೂರದಲ್ಲೇ ನಿಂತಳು. ಗುಜರಿಯ ಯಜಮಾನ ಎದೆ ಮೇಲೆ ಕೈ ಇಟ್ಟುಕೊಂಡು, "ಅಮ್ಮಾ, ಇದು ಹೆರಿಗೆ ವಾರ್ಡಿಂದು. ಇದರ ಮೇಲೆ ಎಲ್ಲ ಹುಟ್ಟಿದ್ದೇ, ಸತ್ತೋರು ಯಾರೂ ಇಲ್ಲ" ಎಂದ. ಜಯಮ್ಮ ತ್ರಿಕೋನವನ್ನೊಮ್ಮೆ, ಮಂಚವನ್ನೊಮ್ಮೆ ನೋಡಿ ಸೆರಗು ಸರಿಮಾಡಿಕೊಂಡಳು. ಬೇಡ ಎನ್ನಲಿಲ್ಲ.

ಭರಮಸಾಗರದ ಒಬ್ಬ ಬಡಗಿ ಹಲಗೆ ಮಂಚವನ್ನು ಕಬ್ಬಿಣದ್ದಕ್ಕೆ ಸರಿಯಾಗಿ ಅಳತೆಮಾಡಿ ಮಾಡಿಕೊಟ್ಟ. ಶುಕ್ರವಾರ ಎರಡನ್ನೂ ಒತ್ತಟ್ಟಿಗೆ ಇಟ್ಟು, ಮೇಲೆ ಒಂದೇ ಜಮಖಾನ ಹೊದಿಸಿ, ಬಾಗಿಲಲ್ಲಿ ನಿಂತು ನೋಡಿದೆ. ಆ ರಾತ್ರಿ ನಾನು ಏರಿನಲ್ಲಿ, ಅವಳು ಮಟ್ಟದಲ್ಲಿ, ಇಬ್ಬರೂ ಹಾಯಾಗಿ ಮಲಗಿದೆವು. ಬೆಳಿಗ್ಗೆ ಜಯಮ್ಮ ಹಾಲಿನವಳು ಬರುವವರೆಗೂ ಬೇಕೆಂದೇ ಕೋಣೆಯಲ್ಲೇ ಇದ್ದು, ಆಮೇಲೆ ಆಕಳಿಸುತ್ತಾ ಹೊರಗೆ ಬಂದಳು.

ಶನಿವಾರ ನನಗೆ ಬೆಳಗಿನ ಸ್ಕೂಲು; ಮಂಚ ಇಳಿಸಿ ಮಟ್ಟ ಮಾಡಿ ಹೋಗಿದ್ದೆ. ನಾನು ಮನೆಗೆ ಬರುವಷ್ಟರಲ್ಲಿ ಅತ್ತೆ ಮಾವ ಬಂದಾಗಿತ್ತು. ಇಲ್ಲಿ ನಮ್ಮ ಅತ್ತೆಯವರ ಒಂದು ರೀತಿಯನ್ನು ಹೇಳಲೇಬೇಕು. ಅವರು ಅಳಿಯನ ಜೊತೆ ನೇರವಾಗಿ ಮಾತಾಡುವುದಿಲ್ಲ. ಅವರ ಕಾಲದವರಲ್ಲಿ ಅದು ಮರ್ಯಾದೆ. ನಾನು ಎದುರಿಗೇ ಕೂತಿದ್ದರೂ, ಅವರಿಗೆ ಇನ್ನೊಂದು ಮುದ್ದೆ ಬೇಕಾ ಕೇಳೇ ಎಂದು ಮಗಳಿಗೆ ಹೇಳುತ್ತಾರೆ. ಬೇಡ ಎಂದು ನಾನೂ ಜಯಮ್ಮನಿಗೇ ಹೇಳಬೇಕು. ಅಷ್ಟರಲ್ಲಿ ಮುದ್ದೆ ತಟ್ಟೆಗೆ ಬಿದ್ದಿರುತ್ತದೆ.

ಊಟವಾದ ಮೇಲೆ ಮಾವನವರು ಮಗಳ ಮಂಚ ಹೇಗಿದೆ ನೋಡೋಣ ಎಂದು ಕೋಣೆಗೆ ಬಂದರು. ಹೆಗಲ ಮೇಲಿನ ಕಂಬಳಿಯನ್ನು ಪಕ್ಕದ ತಗಡಿನ ಟ್ರಂಕಿನ ಮೇಲೆ ಹಾಕಿ, ಹಲಗೆ ಮಂಚದ ಮೇಲೆ ಅಂಗಾತ ಮಲಗಿದರು. ಮಗಳಿಗೆ ಆ ನಿದ್ದೆ ಎಲ್ಲಿಂದ ಬಂತೆಂದು ನನಗಾಗ ಗೊತ್ತಾಯಿತು. ಮಲಗಿದ ಕೂಡಲೇ ಗೊರಕೆ. ನನಗೆ ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗುವಂತಿರಲಿಲ್ಲ. ಒಬ್ಬರು ಎಷ್ಟೇ ಏರಿಸಲಿ ಇಳಿಸಲಿ, ಪಕ್ಕದವರಿಗೆ ಗೊತ್ತೇ ಆಗುವುದಿಲ್ಲ ಎಂಬುದೇ ನನ್ನ ಮಂಚದ ಹೆಚ್ಚುಗಾರಿಕೆ. ಅದನ್ನು ತೋರಿಸಲು ಪಕ್ಕದಲ್ಲಿ ಸಾಕ್ಷಾತ್ ಮಾವನವರೇ ಮಲಗಿದ್ದಾರೆ. ಬಾಗಿಲ ಬಳಿ ನಿಂತಿದ್ದ ಅತ್ತೆಗೆ ಕೇಳಿಸುವಂತೆ ಜಯಮ್ಮನಿಗೆ ತಿರುಪಿನ ತತ್ವ ವಿವರಿಸಿ, ಕಾಲಿನ ಕಡೆ ಕುಕ್ಕರುಗಾಲಿನಲ್ಲಿ ಕೂತು ಹಿಡಿಕೆ ತಿರುಗಿಸಲು ಶುರುಮಾಡಿದೆ.

ನಾನು ಸ್ಕೂಲಿನಲ್ಲಿದ್ದಾಗ ನಡೆದದ್ದು ನನಗೆ ಗೊತ್ತಿರಲಿಲ್ಲ. ಜಯಮ್ಮ ಅಡುಗೆಮನೆಯಲ್ಲಿದ್ದಾಗ ಜಮಖಾನ ಎತ್ತಿ ನೋಡಿದ ಅತ್ತೆಯವರಿಗೆ ಅದರ ಕೆಳಗೆ ಒಂದರ ಬದಲು ಎರಡು ಮಂಚ ಕಂಡಿದ್ದವು. ಗಂಡಹೆಂಡತಿಯ ಮಂಚ ಬಿಡಿಬಿಡಿಯಾಗಿ ಇರಬಾರದು ಎಂದು ಅವರು ತಮ್ಮ ಗಂಟಿನಲ್ಲಿದ್ದ ಕುರಿ ಕಟ್ಟುವ ಹಗ್ಗ ತೆಗೆದು, ತಲೆಯ ಕಡೆ ನನ್ನ ಮಂಚದ ಏಳುವ ಭಾಗವನ್ನೂ ಹಲಗೆ ಮಂಚದ ಪಟ್ಟಿಯನ್ನೂ ಸೇರಿಸಿ, ಮನಸ್ಸಿನಲ್ಲಿ ಮನೆದೇವರನ್ನು ನೆನೆದು, ಕಟ್ಟಿ, ಜಮಖಾನ ಮುಚ್ಚಿಬಿಟ್ಟಿದ್ದರು. ಟಗರು ಎಳೆದರೂ ಬಿಚ್ಚದ ಗಂಟು ಅದು.

ಹಿಡಿಕೆ ಬಿಗಿಯಾಯಿತು. ಹಳೆಯ ತಿರುಪು, ಎಣ್ಣೆ ಕಂಡಿಲ್ಲ ಎಂದುಕೊಂಡೆ. ಬಿಗಿಯಾದಾಗ ಇನ್ನಷ್ಟು ಬಲ ಹಾಕಬೇಕು ಎಂಬುದು ನಾನು ಪುಸ್ತಕದಿಂದ ಕಲಿತ ವಿದ್ಯೆ. ಎರಡೂ ಕೈಯಲ್ಲಿ ಹಿಡಿದು, ತಲೆ ಬಗ್ಗಿಸಿ ತಿರುಗಿಸಿದೆ. ಹಿಂದಿನಿಂದ ಅತ್ತೆಯ ದನಿ ಕೇಳಿಸಿತು. "ಜಯಾ, ನಿಲ್ಸಕ್ಕೆ ಹೇಳೇ ಅವ್ರಿಗೆ." ಅಳಿಯನಿಗೆ ಆಯಾಸವಾದೀತೆಂಬ ಕಾಳಜಿ ಎಂದುಕೊಂಡು ನನಗೆ ಹುರುಪು ಹೆಚ್ಚಿತು. "ಜಯಾ, ಹಗ್ಗ ಐತೆ ಅಂತ ಹೇಳೇ." ಜಯಮ್ಮನಿಗೆ ಅರ್ಥವಾಗಲಿಲ್ಲ, ಅವಳು ಒಲೆಯ ಮೇಲಿನ ಕಾಫಿ ನೀರು ನೋಡಲು ಆಗತಾನೇ ತಿರುಗಿದ್ದಳು. ಯಾವ ಹಗ್ಗವಮ್ಮ ಎಂದು ಅವಳು ಕೇಳುವುದಕ್ಕೂ ನಾನು ಮತ್ತೊಂದು ಸುತ್ತು ತಿರುಗಿಸುವುದಕ್ಕೂ ಸರಿಯಾಯಿತು. ಆಗ, ಮದುವೆಯಾದಾಗಿನಿಂದ ಮೊದಲ ಬಾರಿಗೆ, ಅತ್ತೆಯವರು ನನ್ನೊಂದಿಗೆ ನೇರವಾಗಿ ಮಾತಾಡಿದರು.

"ಕೈ ಬಿಡ್ರೀ ಮೇಷ್ಟ್ರೇ, ನಿಮ್ಮಾವ ಬೀಳ್ತಾರೆ!"

ತಲೆ ಎತ್ತಿದೆ. ಆ ನೋಟ ಈಗಲೂ ಕಣ್ಣ ಮುಂದೆ ಹಾಗೇ ನಿಲ್ಲುತ್ತದೆ. ಹಲಗೆ ಮಂಚದ ಒಳಬದಿಯ ಕಾಲುಗಳು ನೆಲ ಬಿಟ್ಟು ಗಾಳಿಯಲ್ಲಿದ್ದವು. ಮಂಚ ಬಿಸಿಲಿಗೆ ಒರಗಿಸಿದ ಮೊರದಂತೆ ವಾಲಿತ್ತು. ಅದರ ಮೇಲೆ ಮಾವನವರು ಗೊರಕೆ ಹೊಡೆಯುತ್ತಾ ಇಂಚಿಂಚಾಗಿ ಹೊರಬದಿಗೆ ಸರಿಯುತ್ತಿದ್ದರು. ಹೊರಬದಿಯಲ್ಲಿ ಟ್ರಂಕು. ಅದರ ತಗಡಿನ ಮೂಲೆ ಸರಿಯಾಗಿ ಅವರ ತಲೆಯ ನೇರಕ್ಕೆ.

ಕೈ ಬಿಟ್ಟರೂ ತಿರುಪು ಬಿಡುವುದಿಲ್ಲ. ಅದೇ ತಿರುಪಿನ ಗುಣ ಎಂದು ಐದು ನಿಮಿಷದ ಹಿಂದೆ ನಾನೇ ಹೇಳಿದ್ದೆ. ಇಳಿಸಬೇಕಾದರೆ ಹಿಂದಕ್ಕೆ ತಿರುಗಿಸಬೇಕು. ಆದರೆ ಹಿಂದಕ್ಕೆ ಎಂದರೆ ಯಾವ ಕಡೆ? ಎಡಕ್ಕೋ, ಬಲಕ್ಕೋ? ಪ್ರತಿ ವರ್ಷ ಬೋರ್ಡಿನ ಮೇಲೆ ಬಾಣದ ಗುರುತು ಬರೆದು ತೋರಿಸುವವನಿಗೆ ಆ ಗಳಿಗೆಯಲ್ಲಿ ಅದು ಹೊಳೆಯಲಿಲ್ಲ. ಇಂಥ ಸಮಯದಲ್ಲಿ ವಿದ್ಯಾವಂತನು ಏನು ಮಾಡುತ್ತಾನೋ ಅದನ್ನೇ ಮಾಡಿದೆ: ಒಂದು ಕಡೆಗೆ ಧೈರ್ಯವಾಗಿ ತಿರುಗಿಸಿದೆ. ಮಾವನವರು ಇನ್ನಷ್ಟು ಮೇಲೆದ್ದರು. ಗಂಟು ಬಿಚ್ಚಲಿಲ್ಲ, ಹಗ್ಗವೇ ಹರಿಯಿತು. ಮಂಚ ಧಡ್ ಎಂದು ನೆಲಕ್ಕೆ ಬಂತು. ಮಂಚ ಬಂದ ರಭಸಕ್ಕೆ ಮಾವನವರು ಅತ್ತ ಉರುಳಿದರು.

ನಾನು ಇನ್ನೂ ಹಿಡಿಕೆ ಹಿಡಿದೇ ಕೂತಿದ್ದೆ. ಜಯಮ್ಮ ನನ್ನನ್ನು ದಾಟಿ ಓಡಿದಳು. ಮಾವನವರ ತಲೆ ಟ್ರಂಕಿನ ಮೂಲೆಗೇ ಬಿದ್ದಿತ್ತು. ಆದರೆ ಮೂಲೆಗೂ ತಲೆಗೂ ನಡುವೆ ಅವರೇ ಹಾಕಿದ್ದ ಕಂಬಳಿಯ ನಾಲ್ಕು ಮಡಿಕೆ ಇತ್ತು. ಅವರು ಕಣ್ಣು ಬಿಟ್ಟು, ನಮ್ಮನ್ನೆಲ್ಲ ನೋಡಿ, ಸಮಾಧಾನವಾಗಿ ಕೇಳಿದರು: "ಏನೇ, ಹಿರಿಯೂರು ಬಂತಾ?"

ಜಯಮ್ಮ ಮೊದಲು ನಕ್ಕಳು, ಆಮೇಲೆ ಅತ್ತಳು, ಆಮೇಲೆ ನನ್ನ ಕಡೆ ತಿರುಗಿದಳು. ಅವಳು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಅತ್ತೆಯವರು ಒಮ್ಮೆ ಬಾಯಿ ಬಿಟ್ಟಿದ್ದರಿಂದ ಎರಡು ವರ್ಷದ ಮಾತನ್ನೆಲ್ಲ ಅಂದೇ ನೇರವಾಗಿ ಆಡಿ ಮುಗಿಸಿದರು. ಮುದ್ದೆಯನ್ನು ಅಗಿದು ತಿನ್ನುವ ನನ್ನ ಪದ್ಧತಿಯೂ ಅದರಲ್ಲಿ ಸೇರಿತ್ತು. ನಾನು ಕೈಕಟ್ಟಿಕೊಂಡು ನಿಂತಿದ್ದೆ. ಮಗಳನ್ನು ಕರೆದುಕೊಂಡು ಹೋಗುವುದು ಖಂಡಿತ ಎಂದು ಗೊತ್ತಾಗಿತ್ತು. ಅವಳ ಬಟ್ಟೆ ಇದ್ದದ್ದೂ ಅದೇ ಟ್ರಂಕಿನಲ್ಲಿ.

ಮಾವನವರು ಕಾಫಿ ಕುಡಿದು, ಹೊರಡುವಾಗ ಕೇಳಿಯೇಬಿಟ್ಟರು. "ಏನವ್ವಾ, ಹೋಗಾಣ? ನಾಕ್ ದಿನ ಇದ್ದು ಬರುವಂತೆ."

ಜಯಮ್ಮ ಮಂಚ ನೋಡಿದಳು. ನನ್ನನ್ನು ನೋಡಿದಳು. "ಹೆಂಗ್ ಬರ್ಲಪ್ಪ? ಈ ಮಂಚದ್ ಜೊತೆ ಇವ್ರನ್ನ ಒಬ್ರನ್ನೇ ಬಿಟ್ಟು ಬಂದ್ರೆ ನಂಗೆ ಅಲ್ಲಿ ನಿದ್ದೆ ಬರ್ತೈತಾ?"

ಮಾವನವರು ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡರು. "ಸರಿ ಬಿಡು. ಬಿಚ್ಚಿದ್ರೆ ಎಲ್ಡು ಮಂಚ, ಕಟ್ಟಿದ್ರೆ ತೊಟ್ಲು. ಯಾವುದ್ರಾಗೆ ಮಲಗ್ತೀರೋ ನೀವೇ ನೋಡ್ಕಳ್ರಿ" ಎಂದು ಬಸ್‌ಸ್ಟ್ಯಾಂಡಿನ ಕಡೆ ನಡೆದರು.

ಈಗ ಮಂಚ ಏರಿಸುವುದಕ್ಕೆ ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ನಾನು ಹಿಡಿಕೆಗೆ ಕೈ ಹಾಕುವ ಮುಂಚೆ ಜಯಮ್ಮ ಜಮಖಾನ ಎತ್ತಿ, ತಲೆಯ ಕಡೆ ಕೈಯಾಡಿಸಿ, ಕಂಡಕ್ಟರನಂತೆ ರೈಟ್ ಎನ್ನಬೇಕು. ಹರಿದ ಹಗ್ಗವನ್ನು ನಾನು ಹಿತ್ತಲಿಗೆ ಎಸೆದಿದ್ದೆ. ಒಂದು ದಿನ ಕೋಣೆ ಗುಡಿಸುವಾಗ ನೋಡುತ್ತೇನೆ, ಅದೇ ಹಗ್ಗ ಕಾಲಿನ ಕಡೆ, ಏಳದ ಭಾಗದಲ್ಲಿ, ಎರಡೂ ಮಂಚದ ಕಾಲುಗಳನ್ನು ಸುತ್ತಿಕೊಂಡು ಕೂತಿದೆ. ಅತ್ತೆ ಆಮೇಲೆ ಬಂದಿರಲಿಲ್ಲ.

ಮೊನ್ನೆ ಸ್ಕೂಲಿನ ಗಣಿತದ ಮೇಷ್ಟ್ರು ತಾವೂ ಇಂಥದ್ದೊಂದು ಮಾಡಿಸಬೇಕೆಂದು ಮಂಚ ನೋಡಲು ಬಂದಿದ್ದರು. ಎಲ್ಲ ನೋಡಿ, ಈ ಹಗ್ಗ ಯಾಕೆ ಎಂದರು. ಏರಿಸುವಾಗ ಮಂಚ ಅಲುಗಾಡಬಾರದಲ್ಲ, ಅದಕ್ಕೆ ಆಧಾರ ಎಂದು ಬಲಗಳ ಸಮತೋಲನದ ಬಗ್ಗೆ ಸಾಕಷ್ಟು ಹೇಳಿದೆ. ಅವರು ಒಪ್ಪಿ ತಲೆಯಾಡಿಸಿ ಹೋದರು. ಅವರು ಬೀದಿಯ ತಿರುವು ದಾಟುವವರೆಗೂ ಕಾದು, ಬಾಗಿಲು ಹಾಕಿ ಬಂದು, ಮಂಚದ ಕಾಲ ಬಳಿ ಕೂತು, ಸ್ವಲ್ಪ ಸಡಿಲವಾಗಿದ್ದ ಗಂಟನ್ನು ಎಳೆದು ಬಿಗಿ ಮಾಡಿದೆ.