ಬಾಯಿ ಬಿಡದ ಕಡತ ಮಹಾಶಯರಿಗೆ, ಆಲೆಟ್ಟಿಯ ಹಪ್ಪಳದ ಶೆಡ್ಡಿನಿಂದ

ಇವರಿಗೆ,
ಶ್ರೀಮಾನ್ ‘ಆಲೆಟ್ಟಿ ಶೆಡ್ ಫೈನಲ್ ಮೂರು’ ಎಂಬ ನಾಮಧೇಯದ ಯೋಜನಾ ಕಡತ ಮಹಾಶಯರು,
ಸದ್ಯದ ವಾಸ: ನನ್ನ ಮೊಬೈಲಿನ ಡೌನ್‌ಲೋಡ್ ವಿಭಾಗ.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ತಮ್ಮ ಒಂದು ಅಕ್ಷರವನ್ನೂ ಅಲುಗಿಸಲು ನಮ್ಮ ಕಡೆ ಯಾರಿಂದಲೂ ಆಗದಿರುವುದರಿಂದ ತಮ್ಮ ಆರೋಗ್ಯ ಕೆಡುವ ಸಂಭವ ಕಡಿಮೆ. ನಾನು ಸುಳ್ಯ ತಾಲೂಕು ಆಲೆಟ್ಟಿ ಗ್ರಾಮದಲ್ಲಿ ಹಲಸಿನ ಹಪ್ಪಳ ಮಾಡುವ ಇಪ್ಪತ್ತೆರಡು ಹೆಂಗಸರ ಸಂಘದ ಅಧ್ಯಕ್ಷೆ, ಹೆಸರು ಶೀಲಾವತಿ. ತಾವು ನನ್ನನ್ನು ಬಲ್ಲಿರಿ ಎಂಬುದು ನನಗೆ ಬಹಳ ತಡವಾಗಿ ಗೊತ್ತಾಯಿತು. ಅದರ ಕುರಿತೇ ಈ ಪತ್ರ. ತಮಗೆ ನೇರವಾಗಿ ಬರೆದರೆ ತಾವು ತೆರೆದು ಓದುವ ಪೈಕಿಯವರಲ್ಲವಾದ್ದರಿಂದ, ಊರಿನ ನಾಲ್ಕು ಜನರಿಗೂ ತಿಳಿಯಲಿ ಎಂದು ಬಹಿರಂಗವಾಗಿ ಬರೆಯುತ್ತಿದ್ದೇನೆ. ಕ್ಷಮೆ ಇರಲಿ.

ನಮ್ಮ ಕೆಲಸದ ರೀತಿ ತಮಗೆ ತಿಳಿದಿರಲಾರದು. ಹಪ್ಪಳಕ್ಕೆ ಹಲಸಿನಕಾಯಿ ಚೆನ್ನಾಗಿ ಬಲಿತಿರಬೇಕು, ಆದರೆ ಹಣ್ಣಾಗಿರಬಾರದು. ಆ ನಡುವಿನ ಕೆಲವೇ ವಾರಗಳಲ್ಲಿ ಸೊಳೆ ಬಿಡಿಸಿ, ಬೇಯಿಸಿ, ರುಬ್ಬಿ, ಒತ್ತಿ, ಒಣಗಿಸಿ ಮುಗಿಸಬೇಕು. ಕಳೆದ ವರ್ಷ ಏಪ್ರಿಲಿನಲ್ಲಿ ನಮ್ಮ ಮೂರು ಸಾವಿರ ಹಪ್ಪಳ ಅಂಗಳದ ಚಾಪೆಗಳ ಮೇಲೆ ಒಣಗುತ್ತಿದ್ದಾಗ ಒಂದು ಮಳೆ ಕಾಲು ಗಂಟೆಯ ಮಟ್ಟಿಗೆ ಬಂದು ಹೋಯಿತು. ಆ ಸಂಜೆ ನಮ್ಮೂರಿನ ದನಗಳು ಖಾರಕ್ಕೆ ಸೀನುತ್ತಾ ಹಪ್ಪಳದ ಊಟ ಮಾಡಿದವು. ಸುಬ್ರಹ್ಮಣ್ಯದ ಲಾಡ್ಜುಗಳ ಸಾಲಿನಲ್ಲಿ ನಮ್ಮ ಹಪ್ಪಳ ಮಾರುವ ಅಂಗಡಿಯವರು, ರಜೆಯ ಯಾತ್ರಿಕರೆಲ್ಲ ಬರಿಗೈಯಲ್ಲಿ ಬಸ್ಸು ಹತ್ತಿದ ಮೇಲೆ, “ಬರುವ ವರ್ಷವೂ ಹೀಗೇ ಆದ್ರೆ ನಾವು ಬೇರೆಯವರತ್ರ ಹೇಳುದು ಅಕ್ಕ, ಬೇಜಾರು ಮಾಡ್ಬೇಡಿ” ಎಂದು ಬಹಳ ಪ್ರೀತಿಯಿಂದ ನಮ್ಮ ಕುತ್ತಿಗೆಗೆ ಕೈ ಹಾಕಿದರು. ಹಾಗಾಗಿ ಒಂದು ಶೆಡ್ಡು, ಅದರೊಳಗೆ ಬಿಸಿಗಾಳಿಯಿಂದ ಒಣಗಿಸುವ ಒಂದು ದೊಡ್ಡ ಡ್ರೈಯರು, ಇವೆರಡೂ ಈ ಹಲಸಿನ ಕಾಲ ಮುಗಿಯುವ ಮೊದಲೇ ಆಗಬೇಕೆಂದು ತೀರ್ಮಾನಿಸಿದೆವು. ಆಗದಿದ್ದರೆ ಸುಬ್ರಹ್ಮಣ್ಯದ ಅಂಗಡಿ ಹೋಯಿತು, ಅಂಗಡಿ ಹೋದರೆ ಸಂಘವೂ ಹೋದ ಹಾಗೆಯೇ.

ಶೆಡ್ಡಿನ ಕೆಲಸ ವಹಿಸಿಕೊಂಡವರು ಪುತ್ತೂರಿನಲ್ಲಿ ಆಫೀಸು ಇಟ್ಟಿರುವ ಇಂಜಿನಿಯರ್ ಅಲ್ವಿನ್. ಕಡಬದ ಕಡೆ ರಬ್ಬರು ತೋಟ ಇರುವ ಮನೆಯ ಹುಡುಗ, ಮಾತು ಕಡಿಮೆ, ಮರ್ಯಾದೆ ಜಾಸ್ತಿ. ಫೆಬ್ರವರಿ ನಾಲ್ಕನೇ ತಾರೀಕು ಅವರು ತಮ್ಮನ್ನು ನನ್ನ ಮೊಬೈಲಿಗೆ ಕಳುಹಿಸಿ, “ಎಲ್ಲ ಅದರಲ್ಲಿ ಉಂಟು ಅಕ್ಕ, ನೋಡಿ ಹೇಳಿ” ಎಂದರು. ನಾನು ತಮ್ಮ ತಲೆಯ ಮೇಲೆ ಬೆರಳಿಟ್ಟೆ. ತಾವು ಅಲುಗಲಿಲ್ಲ. ಇನ್ನೊಮ್ಮೆ ಇಟ್ಟೆ. ಈ ಕಡತವನ್ನು ತೆರೆಯುವ ಆ್ಯಪ್ ಇಲ್ಲವೆಂದು ಫೋನು ತಿಳಿಸಿತು. ಯಾವುದೋ ಒಂದು ಆ್ಯಪನ್ನು ಒತ್ತಾಯದಿಂದ ಹಿಡಿದು ತಂದು ತೆರೆಸಿದಾಗ ತಾವು ಒಂದು ಪುಟದ ತುಂಬ ಚೌಕ, ಕೊಂಬು, ಪ್ರಶ್ನೆ ಚಿಹ್ನೆಗಳನ್ನು ದಯಪಾಲಿಸಿದಿರಿ. ಅದರಲ್ಲಿ ಶೆಡ್ಡು ಎಲ್ಲಿದೆಯೆಂದು ನಾನು ಕನ್ನಡಕ ಹಾಕಿಯೂ ಹುಡುಕಿದೆ, ತೆಗೆದೂ ಹುಡುಕಿದೆ.

ಈಗ ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ತಮ್ಮನ್ನು ಸಂಘದ ವಾಟ್ಸಾಪ್ ಗುಂಪಿಗೆ ಹಾಕಿ, ಕೆಳಗೆ ನಾನೇ ‘ನೋಡಿದೆ, ತುಂಬ ಚೆನ್ನಾಗಿ ಮಾಡಿದ್ದಾರೆ’ ಎಂದು ಬರೆದೆ. ಅಧ್ಯಕ್ಷೆಯಾದವಳು ‘ನನಗೆ ತೆರೆಯಲು ಬರಲಿಲ್ಲ’ ಎಂದು ಬರೆಯುವುದು ಹೇಗೆ? ಹತ್ತು ನಿಮಿಷದೊಳಗೆ ಉಳಿದ ಇಪ್ಪತ್ತೊಂದು ಮಂದಿ ಹೆಬ್ಬೆರಳು ಎತ್ತಿ ತೋರಿಸಿದರು, ಇಬ್ಬರು ಹೂವನ್ನೂ ಹಾಕಿದರು. ಅಲ್ವಿನ್ ಅವರಿಗೆ ಮಾತ್ರ ಅಷ್ಟು ದೊಡ್ಡ ಸುಳ್ಳು ಹೇಳಲು ಬಾಯಿ ಬಾರದೆ ‘ತಲುಪಿದೆ, ಧನ್ಯವಾದ’ ಎಂದು ಕಳುಹಿಸಿ, ಕೈಮುಗಿಯುವ ಚಿತ್ರ ಹಾಕಿ, ಕೆಲಸ ಸುರುವಾಗುವುದನ್ನು ಕಾಯುತ್ತಾ ಕುಳಿತೆ.

ಕಾದೆ ಸ್ವಾಮಿ, ಇಪ್ಪತ್ತೇಳು ದಿನ ಕಾದೆ. ಶೆಡ್ಡಿನ ಜಾಗದಲ್ಲಿ ಒಂದು ಕಲ್ಲು ಬಂದು ಬೀಳಲಿಲ್ಲ. ಮೇಸ್ತ್ರಿ ಡೊಂಬಯ್ಯನವರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದಾಗಲೆಲ್ಲ, “ಎಂತ ಅಕ್ಕ, ನನ್ನನ್ನು ಯಾವಾಗ ಕರೆಯುದು? ಬೇರೆ ಕೆಲಸ ಹಿಡಿಲಿಕ್ಕೆ ಉಂಟು” ಎಂದು ಕೇಳುವರು, ನಾನು ಗಂಭೀರಳಾಗಿ “ಎಲ್ಲ ಫೈಲಿನಲ್ಲಿ ಉಂಟು” ಎನ್ನುವೆ. ಸಂಘದ ಹೆಂಗಸರು ಕೇಳಿದರೂ ಅದೇ ಉತ್ತರ. ಅಲ್ವಿನ್ ಅವರಿಗೆ ಫೋನು ಮಾಡೋಣವೆಂದರೆ, ‘ಫೈಲಿನಲ್ಲಿ ಬರೆದಿದೆಯಲ್ಲ ಅಕ್ಕ, ನೋಡಲಿಲ್ಲವಾ’ ಎಂದು ಅವರು ಕೇಳಿಬಿಟ್ಟರೆ ನಾನು ಮುಖ ಎಲ್ಲಿಡಲಿ? ಅಷ್ಟರಲ್ಲಿ ನಮ್ಮ ತೋಡಿನ ಬದಿಯ ಹಲಸಿನ ಮರದಲ್ಲಿ ಮೊದಲ ಕಾಯಿಗಳು ಬಲಿತವು. ಒಂದು ಮಧ್ಯಾಹ್ನ ಹಣ್ಣಿನ ವಾಸನೆ ಬಂತು. ಜನರು ಆ ವಾಸನೆಗೆ ಬಾಯಲ್ಲಿ ನೀರೂರಿಸುತ್ತಾರೆ. ನಾನು ಕ್ಯಾಲೆಂಡರಿನಲ್ಲಿ ಹೋದ ದಿನಗಳನ್ನು ಎಣಿಸಿದೆ. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಸುಳ್ಯಕ್ಕೆ ಹೋಗಿ, ಜೆರಾಕ್ಸ್ ಮತ್ತು ಕಂಪ್ಯೂಟರ್ ಕೆಲಸದ ಅಂಗಡಿ ಇಟ್ಟಿರುವ ನೌಷಾದ್ ಅವರ ಮುಂದೆ ಫೋನು ಇಟ್ಟು, ಅಂಗಡಿಯಲ್ಲಿ ಬೇರೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಸತ್ಯ ಹೇಳಿದೆ.

ಮಾನ್ಯರೇ, ತಮ್ಮ ಹೆಸರಿನ ಬಾಲದಲ್ಲಿ ಚುಕ್ಕಿಯ ಆಚೆ ಇರುವ ಮೂರು ಅಕ್ಷರಗಳನ್ನು ನೋಡಿದೊಡನೆ ನೌಷಾದ್ ತಮ್ಮ ಕುಲಗೋತ್ರ ಹೇಳಿದರು. ತಮ್ಮನ್ನು ತೆರೆಯಲು ತಮ್ಮದೇ ಮನೆತನದ ಸಾಫ್ಟ್‌ವೇರು ಬೇಕಂತೆ, ಅದನ್ನು ತಿಂಗಳ ಬಾಡಿಗೆಗೆ ಕೊಡುವುದಂತೆ, ಬಾಡಿಗೆ ಒಬ್ಬೊಬ್ಬರಿಗೆ ಬೇರೆ ಬೇರೆಯಂತೆ. ಒಂದು ಶೆಡ್ಡು ಎಂದಿಗೆ ಆಗುತ್ತದೆಂದು ಒಂದು ಸಲ ಇಣುಕಿ ನೋಡಲು, ಸೇತುವೆ, ಅಣೆಕಟ್ಟು, ವಿಮಾನ ನಿಲ್ದಾಣಗಳನ್ನೆಲ್ಲ ಕಟ್ಟಿಸಬಲ್ಲ ಸರಂಜಾಮನ್ನು ಇಪ್ಪತ್ತೆರಡು ಹೆಂಗಸರು ತಿಂಗಳು ತಿಂಗಳು ಬಾಡಿಗೆಗೆ ಹಿಡಿಯಬೇಕೆಂಬ ತಮ್ಮ ಮನೆಯವರ ಔದಾರ್ಯಕ್ಕೆ ನಾನು ಫೋನನ್ನು ವಾಪಸು ಚೀಲಕ್ಕೆ ಹಾಕಲು ಹೊರಟೆ. ನನ್ನ ಮುಖ ನೋಡಿ ನೌಷಾದ್ ನಕ್ಕು, “ನೋಡ್ಲಿಕ್ಕೆ ಮಾತ್ರ ಆದ್ರೆ ಅಷ್ಟೆಲ್ಲ ಬೇಡ ಅಕ್ಕ. ಬರೀ ನೋಡುವ ಪ್ರೋಗ್ರಾಮು ಬೇರೆ ಉಂಟು, ಅದಕ್ಕೆ ಹಣ ಇಲ್ಲ. ಆದ್ರೆ ಎಂತದೂ ಬದಲು ಮಾಡ್ಲಿಕ್ಕೆ ಆಗುದಿಲ್ಲ” ಎಂದರು. ಇಷ್ಟು ಸುಲಭದ ದಾರಿಯೊಂದು ಇರುವುದನ್ನು ಇಪ್ಪತ್ತೇಳು ದಿನ ನನ್ನಿಂದ ಮುಚ್ಚಿಟ್ಟ ತಮ್ಮ ಗಾಂಭೀರ್ಯಕ್ಕೆ ನನ್ನ ನಮಸ್ಕಾರ.

ಐದು ನಿಮಿಷದಲ್ಲಿ ತಾವು ಬಾಯಿ ಬಿಟ್ಟಿರಿ. ಏನು ವೈಭವ ತಮ್ಮದು! ಎಡಗಡೆ ಕೆಲಸಗಳ ಪಟ್ಟಿ, ಬಲಗಡೆ ತಾರೀಕುಗಳ ಕೆಳಗೆ ಉದ್ದ, ಗಿಡ್ಡ ನೀಲಿ ಗೆರೆಗಳು, ಒಂದು ಗೆರೆಯ ಕೊನೆಯಿಂದ ಇನ್ನೊಂದರ ತಲೆಗೆ ಬಾಣ. ಅಡಿಪಾಯ, ಕಲ್ಲು ಕಟ್ಟುವುದು, ಬಾಗಿಲಿನ ದಾರಂದ, ಹಂಚಿನ ಮಾಡು, ಡ್ರೈಯರು, ಎಲ್ಲವೂ ಇದ್ದವು. ತಮ್ಮ ಕಾಲಜ್ಞಾನವೂ ಅಸಾಧಾರಣ. ನಮ್ಮ ಡೊಂಬಯ್ಯನವರಿಗೆ ತಾವು ಶನಿವಾರ, ಆದಿತ್ಯವಾರ ಎರಡೂ ದಿನ ರಜೆ ಕೊಟ್ಟಿದ್ದಿರಿ. ಈ ಸುದ್ದಿ ಅವರಿಗೆ ಮುಟ್ಟಿಸಿದಾಗ, ನಲವತ್ತು ವರ್ಷದಿಂದ ಶನಿವಾರ ಕಲ್ಲು ಕಟ್ಟಿದ ಆ ಮನುಷ್ಯ, “ಆ ದಿನದ ಸಂಬಳ ಯಾರು ಕೊಡುದು ಅಕ್ಕ?” ಎಂದು ಕೇಳಿದರು. ಅವರ ಕುಟುಂಬದ ದೈವದ ನೇಮ ನಡೆಯುವ ಮೂರು ದಿನ ಮಾತ್ರ, ಅವರು ಯಾರು ಕರೆದರೂ ಬಾರದ ಆ ಮೂರೇ ದಿನ, ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಅವರಿಂದ ಗಾರೆ ಕೆಲಸ ಮಾಡಿಸಿದ್ದಿರಿ.

ಆಮೇಲೆ ನಾನು ಮೊದಲ ಸಾಲು ಓದಿದೆ.

ಮೊದಲ ಸಾಲಿನಲ್ಲಿ ‘ಯೋಜನೆ ನೋಡಿ ಒಪ್ಪಿಗೆ ಕೊಡುವುದು’ ಎಂದಿತ್ತು. ಯಾರು ಎಂಬಲ್ಲಿ ಶೀಲಾವತಿ ಎಂದಿತ್ತು. ಆದದ್ದು ಶೇಕಡಾ ಎಷ್ಟು ಎಂಬಲ್ಲಿ ಸೊನ್ನೆ. ಆ ಸೊನ್ನೆಯ ಬಾಲದಿಂದ ಹೊರಟ ಬಾಣ ಅಡಿಪಾಯದ ತಲೆಗೆ ಹೋಗಿ ನಿಂತಿತ್ತು. ಅಂದರೆ ನಾನು ಕೆಲಸ ಸುರುವಾಗುವುದನ್ನು ಕಾಯುತ್ತಿದ್ದೆ, ಕೆಲಸ ನನ್ನನ್ನು ಕಾಯುತ್ತಿತ್ತು. ಅಂಗಡಿಯಿಂದಲೇ ಅಲ್ವಿನ್ ಅವರಿಗೆ ಫೋನು ಮಾಡಿದರೆ ಅವರು ಬಹಳ ವಿನಯದಿಂದ, “ನೀವು ಎಲ್ಲರೂ ಕೂತು ಮಾತಾಡ್ತಾ ಇರ್ಬಹುದು, ಅವಸರ ಮಾಡುದು ಬೇಡ ಅಂತ ಸುಮ್ಮನಿದ್ದೆ ಅಕ್ಕ” ಎಂದರು. ಈ ಮರ್ಯಾದೆಯೊಂದು ಸ್ವಲ್ಪ ಕಡಿಮೆ ಇದ್ದಿದ್ದರೆ ನಮ್ಮ ಶೆಡ್ಡಿಗೆ ಅಷ್ಟರಲ್ಲಿ ಗೋಡೆ ಎದ್ದಿರುತ್ತಿತ್ತು.

ಅಲ್ಲಿಯೇ ‘ಒಪ್ಪಿಗೆ’ ಎಂದುಬಿಡಬಹುದಿತ್ತು. ನಾಲಗೆಯ ತುದಿಗೂ ಬಂದಿತ್ತು. ಆದರೆ ನೋಡದೆ ‘ನೋಡಿದೆ’ ಎಂದು ಒಮ್ಮೆ ಅನುಭವಿಸಿದ ಮೇಲೆ ಇನ್ನೊಮ್ಮೆ ಹೇಳುವ ಧೈರ್ಯವಾಗಲಿಲ್ಲ. ನಾಳೆ ಸಂಜೆಯವರೆಗೆ ಸಮಯ ಕೊಡಿ ಎಂದೆ. ನೌಷಾದ್ ತಮ್ಮನ್ನು ಹನ್ನೊಂದು ಹಾಳೆಗಳಲ್ಲಿ ಮುದ್ರಿಸಿ ಕೊಟ್ಟರು. ಮರುದಿನ ಮೈದಾ ಅಂಟಿನಿಂದ ಹಾಳೆಗಳನ್ನು ಜೋಡಿಸಿ, ಸಂಘದ ಕೋಣೆಯ ನೆಲದಲ್ಲಿ ತಮ್ಮನ್ನು ಉದ್ದಕ್ಕೆ ಮಲಗಿಸಿ, ಇಪ್ಪತ್ತೆರಡು ಮಂದಿ ಸುತ್ತ ಕೂತೆವು. ನಾನು ಎದ್ದು ನಿಂತು, ಫೈಲನ್ನು ನಿನ್ನೆಯವರೆಗೆ ನಾನು ನೋಡಿರಲಿಲ್ಲ ಎಂದು ಹೇಳಿದೆ. ಆಮೇಲೆ ಒಬ್ಬೊಬ್ಬರೇ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ನಗು ನಿಂತ ಮೇಲೆ ತಿಳಿದದ್ದೇನೆಂದರೆ, ಹೆಬ್ಬೆರಳು ಎತ್ತಿದ ಇಪ್ಪತ್ತೊಂದು ಮಂದಿಯಲ್ಲಿ ಒಬ್ಬರಿಗೂ ತಾವು ಬಾಯಿ ಬಿಟ್ಟಿರಲಿಲ್ಲ. ಹೂವು ಹಾಕಿದವರು ತಮ್ಮನ್ನು ಹುಟ್ಟುಹಬ್ಬದ ಕಾರ್ಡು ಎಂದು ತಿಳಿದಿದ್ದರು.

ನಮ್ಮ ಸಂಘದ ಹಿರಿಯರು ಪೂವಕ್ಕ, ಎಪ್ಪತ್ತು ದಾಟಿದೆ, ಓದು ಬರಹ ಇಲ್ಲ. ಒಬ್ಬಳು ಗೆರೆಗಳ ಹೆಸರು ಓದುತ್ತಾ ಹೋದಂತೆ ಅವರು ಬೆರಳು ಆಡಿಸುತ್ತಾ ಹೋದರು. ದಾರಂದ ಮಾರ್ಚ್ ಎರಡಕ್ಕೆ, ಡ್ರೈಯರು ಮಾರ್ಚ್ ಹದಿನಾಲ್ಕಕ್ಕೆ ಎಂಬಲ್ಲಿ ಬೆರಳು ನಿಂತಿತು. “ಮೆಶಿನು ಎಷ್ಟು ಅಗಲ ಉಂಟು?” ಎಂದರು. ಐದು ಅಡಿ. “ಬಾಗಿಲು?” ಮೂರೂವರೆ. “ಹಾಗಾದ್ರೆ ಬಾಗಿಲು ಕೂಡಿಸಿ ಆದ ಮೇಲೆ ಮೆಶಿನು ಒಳಗೆ ಹೋಗುದು ಎಲ್ಲಿಂದ ಮಾರಾಯ್ತಿ, ಹಂಚು ತೆಗೆದಾ?” ಎಂದರು. ನಾವೆಲ್ಲ ಬಗ್ಗಿ ನೋಡಿದೆವು. ತಮ್ಮ ಅಷ್ಟು ಗೆರೆ, ಅಷ್ಟು ಬಾಣಗಳಲ್ಲಿ ಈ ಪ್ರಶ್ನೆಗೆ ಉತ್ತರವಿರಲಿಲ್ಲ. ಆ ಸಂಜೆ ಪೆನ್ನಿನಲ್ಲಿ ಡ್ರೈಯರನ್ನು ದಾರಂದಕ್ಕಿಂತ ಮೇಲೆ ಎತ್ತಿದೆವು, ಡೊಂಬಯ್ಯನವರ ಶನಿವಾರ ವಾಪಸು ಕೊಟ್ಟೆವು, ನೇಮದ ಮೂರು ದಿನ ಹೊಡೆದು ಹಾಕಿದೆವು, ಆಗಲೇ ಕಳೆದುಹೋದ ತಾರೀಕುಗಳನ್ನೆಲ್ಲ ಮುಂದಕ್ಕೆ ತಳ್ಳಿದೆವು. ಕೊನೆಗೆ ನನ್ನ ಸೊನ್ನೆಗೆ ಅಡ್ಡಗೆರೆ ಎಳೆದು ನೂರು ಎಂದು ಬರೆದು, ಎಲ್ಲರೂ ಸಹಿ, ಪೂವಕ್ಕನವರು ಹೆಬ್ಬೆಟ್ಟು ಹಾಕಿ, ಫೋಟೋ ತೆಗೆದು ಪುತ್ತೂರಿಗೆ ಕಳುಹಿಸಿದೆವು. ಮೂರನೆಯ ದಿನ ಕಲ್ಲಿನ ಲಾರಿ ಬಂತು. ಏಪ್ರಿಲ್ ಹನ್ನೆರಡಕ್ಕೆ ಡ್ರೈಯರಿನಿಂದ ಮೊದಲ ತಟ್ಟೆ ಹೊರಗೆ ಬಂತು. ಮೊನ್ನೆ ಜೋರು ಮಳೆ ಸುರಿಯುತ್ತಿರುವಾಗ ನಾವು ಒಳಗೆ ಕೂತು ಹಪ್ಪಳ ಎಣಿಸುತ್ತಿದ್ದೆವು. ಮೊದಲ ಪೆಟ್ಟಿಗೆಗಳು ಸುಬ್ರಹ್ಮಣ್ಯದ ಬಸ್ಸಿನಲ್ಲಿ ಹೋಗಿ ಮುಟ್ಟಿವೆ. ತೋಡಿನ ಬದಿಯ ಮರ ಕೈ ತಪ್ಪಿತು, ಉಳಿದವು ಸಿಕ್ಕಿದವು.

ಇನ್ನು ತಮ್ಮಲ್ಲಿ ಕೆಲವು ಬಿನ್ನಹಗಳು. ಮುಂದಿನ ಸಲ ತಾವು ನಮ್ಮೂರಿಗೆ ಬರುವಾಗ ತಮ್ಮ ಬಾಗಿಲ ಕೀಲಿಕೈಯನ್ನು ಜೊತೆಯಲ್ಲೇ ತರುವ ಕೃಪೆ ಮಾಡಬೇಕು. ಕೆಲಸದವರ ಪಟ್ಟಿಯಲ್ಲಿ ಹಲಸಿನ ಮರವನ್ನೂ ಸೇರಿಸಿಕೊಂಡು, ಅದಕ್ಕೂ ವಾರಕ್ಕೆ ಎರಡು ದಿನ ಹಣ್ಣಾಗದಂತೆ ರಜೆ ಮಂಜೂರು ಮಾಡಿಸಬೇಕು. ಮಳೆಗೆ ಒಂದು ಬಾಣ ಕಟ್ಟಿ, ಹಪ್ಪಳ ಒಣಗುವ ಗೆರೆ ಮುಗಿಯುವ ತನಕ ಸುರುವಾಗಬಾರದೆಂದು ಆಜ್ಞಾಪಿಸಬೇಕು. ಇಷ್ಟನ್ನು ಮಾಡಿಕೊಟ್ಟರೆ ತಮ್ಮ ಪೂರ್ತಿ ಸಾಫ್ಟ್‌ವೇರನ್ನು ನಾವು ಇಪ್ಪತ್ತೆರಡು ಮಂದಿಯೂ ಬಾಡಿಗೆಗೆ ಹಿಡಿಯಲು ಸಿದ್ಧ.

ಕೋಪ ಮುಗಿಯಿತು. ಒಂದು ಮಾತು ಉಳಿದಿದೆ, ಅದನ್ನು ಹೇಳದೆ ಪತ್ರ ಮುಗಿಸಿದರೆ ಕೃತಘ್ನಳಾಗುತ್ತೇನೆ. ನನಗೆ ಐವತ್ತೆರಡು ವರ್ಷ. ನನ್ನ ಮದುವೆಯ ದಿನ ಗೊತ್ತು ಮಾಡುವಾಗ ಯಾರೂ ನನ್ನನ್ನು ಕೇಳಲಿಲ್ಲ. ನಾವು ಮನೆ ಕಟ್ಟಿಸುವಾಗ ನಮ್ಮ ಯಜಮಾನರು ಮತ್ತು ಮೇಸ್ತ್ರಿ ಜಗಲಿಯಲ್ಲಿ ಕೂತು ಎಲ್ಲ ತೀರ್ಮಾನಿಸಿದರು, ನಾನು ಚಾ ಕೊಟ್ಟೆ. ಅಡುಗೆಕೋಣೆಯ ಕಿಟಕಿ ಇವತ್ತಿಗೂ ನನ್ನ ತಲೆಗಿಂತ ಒಂದು ಗೇಣು ಮೇಲೆ ಇದೆ. ಕಾಗದಗಳಿಗೆ ಸಹಿ ಹಾಕಿದ್ದೇನೆ, ಎಲ್ಲ ತುಂಬಿಸಿ ಆದ ಮೇಲೆ, ಕೊನೆಯಲ್ಲಿ, ಬೆರಳು ತೋರಿಸಿದ ಕಡೆ. ನನ್ನ ಹೆಸರು ಮೊದಲ ಸಾಲಿನಲ್ಲಿ ಇದ್ದದ್ದು, ನಾನು ಹೂಂ ಎನ್ನದೆ ಒಂದು ಕಲ್ಲೂ ಕದಲದೆ ಇದ್ದದ್ದು ತಮ್ಮಲ್ಲಿ ಮಾತ್ರ. ನೌಷಾದ್ ಅವರ ಅಂಗಡಿಯಲ್ಲಿ ಅದನ್ನು ಕಂಡಾಗ ನಾಚಿಕೆಯಾಯಿತು, ನಿಜ. ಬಸ್ಸಿನಲ್ಲಿ ಮನೆಗೆ ಬರುವಾಗ ಆ ಹಾಳೆಯನ್ನು ಮೂರು ಸಲ ತೆಗೆದು ನೋಡಿದೆ, ಅದು ನಾಚಿಕೆಯಿಂದಲ್ಲ. ಸಂತೋಷವಾಗಿತ್ತು.

ತಮ್ಮನ್ನು ನೋಡಲು ಅನುಮತಿಯುಳ್ಳ, ಮುಟ್ಟಲು ಅನುಮತಿಯಿಲ್ಲದ,
ತಮ್ಮ ವಿಶ್ವಾಸಿ,
ಶೀಲಾವತಿ ಚನಿಯಪ್ಪ
ಆಲೆಟ್ಟಿ, ಸುಳ್ಯ ತಾಲೂಕು

ತಾ.ಕ.: ನಮ್ಮ ಯಜಮಾನರಾದ ಚನಿಯಪ್ಪನವರು ಈ ಮಳೆಗಾಲ ಕಳೆದೊಡನೆ ಹೊಸ ಬಚ್ಚಲುಕೋಣೆ ಕಟ್ಟಿಸುವವರಿದ್ದಾರೆ. ನಿನ್ನೆ ಜಗಲಿಯಲ್ಲಿ ಡೊಂಬಯ್ಯನವರ ಜೊತೆ ಕೂತು ಎಲ್ಲ ಮಾತಾಡಿ ಮುಗಿಸಿ, ಚಾ ತರಲು ಕೂಗಿದರು. ನಾನು ಚಾದ ಜೊತೆಗೆ ಹಳೆಯ ಕ್ಯಾಲೆಂಡರಿನ ಒಂದು ಹಾಳೆಯನ್ನೂ ತಂದು, ಅದರ ಬಿಳಿ ಬದಿಯಲ್ಲಿ ‘ನೋಡಿ ಒಪ್ಪಿಗೆ ಕೊಡುವುದು: ಶೀಲಾವತಿ’ ಎಂದು ಮೊದಲ ಸಾಲು ಬರೆದು, ಮುಂದೆ ಸೊನ್ನೆ ಹಾಕಿ, ಅವರ ಕೈಯಲ್ಲಿ ಕೊಟ್ಟಿದ್ದೇನೆ. ಅದನ್ನು ತೆರೆದು ನೋಡಲು ಅವರಿಗೆ ಯಾವ ಸಾಫ್ಟ್‌ವೇರೂ ಬೇಕಾಗಲಿಲ್ಲ. ಈಗ ಅವರು ಕಾಯುತ್ತಿದ್ದಾರೆ. ನಾನು ಇಪ್ಪತ್ತೇಳು ದಿನ ತೆಗೆದುಕೊಳ್ಳುವ ಯೋಚನೆಯಲ್ಲಿದ್ದೇನೆ.