ಗಾಳಿ ಕಲಸಿದ ಚೌಕಗಳು

ಬದನೆಕಾಯಿ ಸುಡಲು ಹೋಗಿ ನುರೆತ್ತಿನ್ ಅಡುಗೆಮನೆಗೇ ಬೆಂಕಿ ಬಿದ್ದಷ್ಟು ಹೊಗೆ ಎಬ್ಬಿಸಿದ. ಕೆಮ್ಮುತ್ತ ಬಂದು ನಡುಮನೆಯ ಕಿಟಕಿ ತೆರೆದ. ಇಜ್ಮಿರ್ ನಗರದ ಕಡಲಗಾಳಿ ಕರೆಯದ ನೆಂಟನಂತೆ ಒಳನುಗ್ಗಿತು. ನೆಲದ ಮೇಲೆ ಸಾಲಾಗಿ ಹರಡಿದ್ದ, ಉಲ್ಲಿನಲ್ಲಿ ಹೆಣೆದ ಕ್ರೋಷಾ ಚೌಕಗಳು ಹಾರಿ ಸೋಫಾದಡಿ, ಬಾಗಿಲ ಸಂದಿ, ಬೆಕ್ಕಿನ ಬೆನ್ನು ಎಂದು ಸಿಕ್ಕಲ್ಲಿ ಬಿದ್ದವು.

ನುರೆತ್ತಿನ್ ಮಂಡಿಯೂರಿ ಕೈಗೆ ಸಿಕ್ಕಷ್ಟನ್ನು ಬಾಚಿಕೊಂಡ. ಹೆಂಡತಿ ಶಾಜಿಯೆ ಅಳಿದುಳಿದ ಉಲ್ಲನ್ನೆಲ್ಲ ಕೂಡಿಹಾಕಿ, ಹುಟ್ಟಲಿರುವ ಮೊಮ್ಮಗುವಿನ ಕಂಬಳಿಗೆಂದು ಚಳಿಗಾಲವಿಡೀ ಹೆಣೆದವು ಅವು. ಬಸುರಿ ಮಗಳನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ಬೆರಳೆತ್ತಿ ಎಚ್ಚರಿಸಿದ್ದಳು: "ರೀ, ನೆಲದ ಮೇಲಿರೋದನ್ನ ಮುಟ್ಟಿದ್ರೋ, ನೋಡಿ ಮತ್ತೆ!"

ಹೊಗೆ ಕಂಡು ಮೇಲಿನ ಮನೆಯ ಮುಜೆಯ್ಯೆನ್ ನೀರಿನ ಬಕೆಟ್ ಹಿಡಿದು ಓಡಿಬಂದಳು. ಎದುರುಮನೆಯ ಹಾಲಿದೆ ಎಂಬಾಕೆ ಬರಿಗೈಯಲ್ಲಿ ಬಂದಳು, ಸುಮ್ಮನೆ ನೋಡುವುದಕ್ಕೆ.

"ಬೆಂಕಿ ಎಲ್ಲಣ್ಣ?" ಎಂದಳು ಮುಜೆಯ್ಯೆನ್.

"ಬೆಂಕಿಯಾಗಿದ್ರೆ ಆರಿಸಬಹುದಿತ್ತು ತಾಯಿ. ಇದನ್ನ ನೋಡಿ!"

"ಅಯ್ಯೋ! ಯಾವುದರ ಪಕ್ಕ ಯಾವ ಬಣ್ಣ ಇತ್ತು, ನೆನಪಿದೆಯಾ?"

"ನನ್ನ ಚಪ್ಪಲಿ ಎಲ್ಲಿದೆ ಅಂತಾನೇ ನನಗೆ ನೆನಪಿರಲ್ಲ."

ಮುಜೆಯ್ಯೆನ್ ಕೆಂಪಿನ ಪಕ್ಕ ಹಸಿರಿಟ್ಟಳು. ಹಾಲಿದೆ ನಕ್ಕಳು. "ಇದೇನು ಮಗು ಕಂಬಳಿನೋ, ಕಲ್ಲಂಗಡಿ ಅಂಗಡಿನೋ?"

"ನೀನಿಡೋ ಬೂದು ಬಣ್ಣ ನೋಡಿದ್ರೆ ಮಗು ತೊಟ್ಟಿಲಲ್ಲೇ ಪಿಂಚಣಿ ಕೇಳುತ್ತೆ ಕಣೇ!"

ಜಗಳ ಮೂರು ಸುತ್ತು ಚಹಾ ಕುಡಿಯಿತು. ಕೊನೆಗೆ ಮುಜೆಯ್ಯೆನ್ ತೀರ್ಪು ಕೊಟ್ಟಳು: "ಹೆಂಗೋ ಒಂದು ಜೋಡಿಸಿಬಿಡೋಣ. ಮುಗಿದ ಕಂಬಳಿಗೆ ಲೆಕ್ಕ ಕೇಳೋರು ಯಾರು? ಅಣ್ಣ, ನೀವೂ ಕಡ್ಡಿ ಹಿಡೀರಿ."

ದೋಣಿಯ ಹಗ್ಗ ಕಟ್ಟಿ ಆಯುಷ್ಯ ಸವೆಸಿದ ಕೈಗೆ ಕ್ರೋಷಾ ಕಡ್ಡಿ ಕೊಟ್ಟದ್ದು ಆನೆಯ ಸೊಂಡಿಲಿಗೆ ಸೂಜಿ ಕೊಟ್ಟಂತಾಯಿತು. ಆದರೂ ನುರೆತ್ತಿನ್ ನಾಲಿಗೆ ಕಚ್ಚಿಕೊಂಡು, ಬಿರುಗಾಳಿಗೂ ಜಗ್ಗದ ಗಂಟುಗಳನ್ನು ಹಾಕಿದ. ಸಂಜೆಗೆ ಕಂಬಳಿ ಮುಗಿಯಿತು. ಸೊಂಟ ನೆಟ್ಟಗೆ ಮಾಡಲು ಎದ್ದರೆ ಕಂಬಳಿಯೂ ಜೊತೆಗೇ ಎದ್ದಿತು! ಪೈಜಾಮದ ಮಂಡಿಯನ್ನೂ ಸೇರಿಸಿ ಹೆಣೆದಿದ್ದ. ಹಾಲಿದೆ ಕತ್ತರಿ ತಂದು ಪೈಜಾಮವನ್ನು ಬಲಿಕೊಟ್ಟಳು.

ಅಷ್ಟರಲ್ಲಿ ಮಗಳನ್ನು ಅವಳ ಮನೆಗೆ ಬಿಟ್ಟು ಶಾಜಿಯೆ ಒಳಗೆ ಬಂದಳು. ನೋಡಿದವಳು ನಿಂತಲ್ಲೇ ನಿಂತಳು.

"ಯಾರು ಜೋಡಿಸಿದ್ದು?"

"ಅಣ್ಣಾನೇ!" ಬೆಳಗಿನಿಂದ ಒಂದು ಮಾತಿಗೂ ಒಮ್ಮತವಿಲ್ಲದ ಇಬ್ಬರೂ ಒಟ್ಟಿಗೆ ಕೂಗಿದರು.

ನುರೆತ್ತಿನ್ ಬದನೆಕಾಯಿ, ಕಿಟಕಿ, ಗಾಳಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒದರಿಬಿಟ್ಟ. "ನೀನಿಟ್ಟ ಸಾಲೆಲ್ಲ ಕೆಟ್ಟುಹೋಯ್ತು ಕಣೇ."

ಶಾಜಿಯೆ ನಕ್ಕು ನಕ್ಕು ಕುರ್ಚಿ ಹಿಡಿದಳು. "ಯಾವ ಸಾಲು? ತೊಳೆದು ಒಣಗೋಕೆ ಹರಡಿದ್ದೆ, ಅಷ್ಟೇ! ನಾನಾಗಿದ್ರೂ ಇಷ್ಟು ಚೆನ್ನಾಗಿ ಜೋಡಿಸ್ತಿರಲಿಲ್ಲ, ಬಿಡಿ."

ನುರೆತ್ತಿನ್‌ನ ಎದೆ ಹಬ್ಬದ ರೊಟ್ಟಿಯಂತೆ ಉಬ್ಬಿತು. "ನಾನು ಮನಸ್ಸು ಮಾಡಿದ್ರೆ..."

"ಮನಸ್ಸು ಆಮೇಲೆ ಮಾಡಿ, ಮೊದಲು ಇದನ್ನ ಕೇಳಿ." ಅವಳ ಕಣ್ಣು ತುಂಬಿತ್ತು. "ಡಾಕ್ಟರು ಇವತ್ತು ತೋರಿಸಿದ್ರು ಕಣ್ರೀ. ಹೊಟ್ಟೇಲಿ ಒಂದಲ್ಲ, ಎರಡು!"

ನುರೆತ್ತಿನ್ ಹರಿದ ಪೈಜಾಮದಲ್ಲೇ ಒಂದು ಸುತ್ತು ಕುಣಿದ, ಹೆಂಡತಿಯ ಹಣೆಗೆ ಮುತ್ತಿಟ್ಟ, ಕಣ್ಣೊರೆಸಿಕೊಂಡ.

ಶಾಜಿಯೆ ಕಂಬಳಿಯನ್ನು ಅವನ ತೊಡೆಯ ಮೇಲೆ ಹರಡಿದಳು. "ಹಂಗಾದ್ರೆ ಪೂರ್ತಿ ಬಿಚ್ಚಿ. ಎರಡು ಮಾಡ್ಬೇಕು. ಇಬ್ಬರಿಗೂ ಎಲ್ಲಾ ಬಣ್ಣ ಸಮ ಬರಬೇಕು, ಇಲ್ಲದಿದ್ರೆ ನಾಳೆ ಹೊಡೆದಾಡ್ತಾರೆ."

ಸಹಾಯಕ್ಕೆಂದು ನುರೆತ್ತಿನ್ ತಿರುಗಿ ನೋಡಿದ. ನಡುಮನೆ ಖಾಲಿ. ಮೆಟ್ಟಿಲ ಮೇಲೆ ಎರಡು ಜೊತೆ ಚಪ್ಪಲಿ ಓಡುವ ಸದ್ದು ಮಾತ್ರ ಪಟಪಟ ಕೇಳಿಸುತ್ತಿತ್ತು.